ಪರದೆಯ ಮುಂದೆ ನಿಂತವರು

ಫೋಟೋ ಸುಳ್ಳು ಹೇಳದು ಎಂಬುದು ನಮ್ಮ ಹಿರಿಯರ ನಂಬಿಕೆಯಾಗಿತ್ತು. ಕಡಕೊಳದ ನಮ್ಮ ಮನೆಯಲ್ಲಿ ಅಜ್ಜಿಯದೆಂದು ಉಳಿದಿರುವುದು ಒಂದೇ ಒಂದು ಪಟ; ರೈಲು ಹತ್ತಿ ಮೈಸೂರಿಗೆ ಹೋಗಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದಿನ ಅರಮನೆಯ ಕಂಬ, ಕೊಳ, ಹಂಸ ಎಲ್ಲವೂ ಪರದೆಗೆ ಬಳಿದ ಬಣ್ಣ. ಪಕ್ಕದ ಹೂವು ಕಾಗದದ್ದು. ರಾಗಿ ಹೊಲದಲ್ಲಿ ಬೆನ್ನು ಬಗ್ಗಿಸಿ ಬದುಕಿದವಳು ಅವಳು. ಆದರೂ ಸೆರಗನ್ನು ಬಿಗಿಯಾಗಿ ಹಿಡಿದ ಬೆರಳುಗಳು ಅವಳವೇ. ಪರದೆ ಸುಳ್ಳಾದ ಮಾತ್ರಕ್ಕೆ ಬೆರಳು ಸುಳ್ಳಾಗಲಿಲ್ಲ.

ಸ್ಟುಡಿಯೋದವನ ಸುಳ್ಳಿನಿಂದ ಯಾರಿಗೂ ಕೇಡಿಲ್ಲ. ದೊರೆತನದ ಕ್ಯಾಮೆರಾ ಹಾಗಲ್ಲ. 1868ರಿಂದ 1875ರ ನಡುವೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದು, ನಮ್ಮ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವಿಂಗಡಿಸಿಟ್ಟರು. 1869ರಲ್ಲಿ ಲ್ಯಾಂಪ್ರೆ ಎಂಬಾತ ಎರಡೆರಡು ಅಂಗುಲಕ್ಕೆ ದಾರ ಬಿಗಿದ ಚೌಕುಳಿ ಚೌಕಟ್ಟಿನ ಮುಂದೆ ಮನುಷ್ಯರನ್ನು ನಿಲ್ಲಿಸಿ, ಮೈಯಳತೆ ತಿಳಿಯುವಂತೆ ಫೋಟೋ ತೆಗೆಯುವ ಕ್ರಮವನ್ನು ಮುಂದಿಟ್ಟ. ಅದೂ ಒಂದು ಪರದೆಯೇ. ಆದರೆ ಅದಕ್ಕೆ ವಿಜ್ಞಾನವೆಂಬ ಹೆಸರಿದ್ದುದರಿಂದ ಯಾರಿಗೂ ಪರದೆಯಾಗಿ ಕಾಣಲಿಲ್ಲ.

ಅದನ್ನು ಕಾಣಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ಪುಷ್ಪಮಾಲಾ ಎನ್. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡಾದಲ್ಲಿ ಶಿಲ್ಪಕಲೆ ಕಲಿತ ಇವರು 1990ರ ದಶಕದ ನಡುವಿನಲ್ಲಿ ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಲ್ಲತೊಡಗಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಎಂಬ ಮಾಲಿಕೆ ಮಾಡಿದರು. ಪರದೆ ಬರೆಸಿ, ಒಡವೆ ವಸ್ತ್ರ ಹೊಂದಿಸಿ, ಹಳೆಯ ಚಿತ್ರಗಳನ್ನು ಮತ್ತೆ ಕಟ್ಟಿ ಫೋಟೋ ತೆಗೆದರು.

ಅದರಲ್ಲಿ ರವಿವರ್ಮನ ಲಕ್ಷ್ಮಿಯಿದ್ದಾಳೆ. ರವಿವರ್ಮನ ಮೂಲಚಿತ್ರಗಳನ್ನು ಮೈಸೂರಿನವರು ಜಗನ್ಮೋಹನ ಅರಮನೆಯಲ್ಲಿ ನೋಡಿದವರು. 1894ರಲ್ಲಿ ಮುಂಬಯಿಯಲ್ಲಿ ಅವನ ಅಚ್ಚುಕೂಟ ಶುರುವಾದ ಮೇಲೆ ಆ ದೇವತೆಗಳು ಮನೆಮನೆಯ ದೇವರ ಗೂಡಿಗೆ ಬಂದರು. ಸೀರೆಯುಟ್ಟ ಹೆಂಗಸರನ್ನು ನೋಡಿ ಬರೆದ ಲಕ್ಷ್ಮಿಯಂತೆ ಈಗ ಒಬ್ಬ ಹೆಂಗಸು ನಿಂತರೆ, ಮೂಲ ಯಾವುದು, ನಕಲು ಯಾವುದು? ನೋಡುವವರಿಗೆ ನಗುವೂ ಬರುತ್ತದೆ, ಕೈ ಮುಗಿಯಬೇಕೆಂದೂ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ನಮ್ಮೂರ ರಸ್ತೆಯೇ ಗುಂಡ್ಲುಪೇಟೆ ದಾಟಿ ಏರುವ ನೀಲಗಿರಿಯ ತೋಡ ಹೆಂಗಸಿನ ವೇಷದಲ್ಲಿ, ಆ ಚೌಕುಳಿಯ ಮುಂದೆ, ಪುಷ್ಪಮಾಲಾ ನಿಂತಿದ್ದಾರೆ. ಎಲ್ಲವೂ ಕಟ್ಟಿದ್ದೆಂದು ಗೊತ್ತಿದ್ದರೂ ಅಳತೆಗೆ ಸಿಕ್ಕವರ ಅವಮಾನ ಮೈಗೆ ತಟ್ಟುತ್ತದೆ. ನಮ್ಮಜ್ಜಿ ತಾನಾಗಿ ಹೋಗಿ ನಿಂತವಳು. ಈ ಕಲಾವಿದೆಯೂ ಹಾಗೆಯೇ. ಆ ಸಂಪುಟಗಳಲ್ಲಿರುವ ಎಷ್ಟು ಮಂದಿಯನ್ನು 'ನಿಲ್ಲುತ್ತೀಯಾ ತಾಯಿ' ಎಂದು ಕೇಳಿದ್ದರು?

ಕಟ್ಟಿದ ಚಿತ್ರವೆಲ್ಲ ಸುಳ್ಳಲ್ಲ. ಕಟ್ಟಿದ್ದನ್ನು ಮುಚ್ಚಿಟ್ಟು, ಇದೇ ನೀನು ಎಂದು ಇನ್ನೊಬ್ಬರಿಗೆ ಹೇಳುವುದೇ ಸುಳ್ಳು.