ಪ್ರೈಮಿಂಗ್

ಮೊದಲು ಕಂಡ ಅಥವಾ ಕೇಳಿದ ಪದ, ಚಿತ್ರಗಳು ನಮ್ಮ ಅರಿವಿಗೆ ಬಾರದೆಯೇ ಮುಂದಿನ ಗ್ರಹಿಕೆ, ತೀರ್ಪು, ನಡವಳಿಕೆಗಳ ಮೇಲೆ ಬೀರುವ ಪ್ರಭಾವ. ‘ಡಾಕ್ಟರ್’ ಎಂದು ಓದಿದವರು ‘ನರ್ಸ್’ ಎಂಬ ಪದವನ್ನು ಬೇಗ ಗುರುತಿಸುತ್ತಾರೆಂದು ಮೆಯರ್ ಮತ್ತು ಶ್ವಾನೆವೆಲ್ಟ್ 1971ರಲ್ಲಿ ತೋರಿಸಿದರು. ಇಷ್ಟರ ಬಗ್ಗೆ ತಕರಾರಿಲ್ಲ.

ಸಾಮಾಜಿಕ ತೀರ್ಪಿನ ವಿಷಯದಲ್ಲಿ ಹೆಸರಾದದ್ದು ಹಿಗಿನ್ಸ್ ಮತ್ತು ಸಂಗಡಿಗರ 1977ರ ಪ್ರಯೋಗ. ಡೊನಾಲ್ಡ್ ಎಂಬ ಕಾಲ್ಪನಿಕ ವ್ಯಕ್ತಿಯ ವಿವರ ಎಲ್ಲರಿಗೂ ಒಂದೇ. ಆದರೆ ಅದಕ್ಕೆ ಮುನ್ನ, ಬೇರೊಂದು ನೆಪದಲ್ಲಿ, ‘ಸಾಹಸಿ’ಯಂಥ ಪದಗಳನ್ನು ಕಂಡಿದ್ದವರು ಅವನನ್ನು ಮೆಚ್ಚಿದರು, ‘ಹುಂಬ’ನಂಥವನ್ನು ಕಂಡಿದ್ದವರು ಮೂಗು ಮುರಿದರು. ವಿವರಕ್ಕೆ ಹೊಂದದ ಪದಗಳು ಅಂಥ ಪರಿಣಾಮ ಬೀರಲಿಲ್ಲ. ಜನಪ್ರಿಯ ಬರಹಗಳು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಗುಂಪಿಗೆ ಮಣಿಯುವ ಗುಣವನ್ನು ಪೆಂಡ್ರಿ ಮತ್ತು ಕ್ಯಾರಿಕ್ 2001ರಲ್ಲಿ ಪರೀಕ್ಷಿಸಿದರು. ಬೀಪ್ ಸದ್ದು ಎಣಿಸುವಾಗ, ಅಕೌಂಟೆಂಟ್‌ನ ಚಿತ್ರ ನೋಡಿದ್ದವರು ಪಂಕ್ ರಾಕರ್‌ನ ಚಿತ್ರ ನೋಡಿದ್ದವರಿಗಿಂತ ಹೆಚ್ಚಾಗಿ ಗುಂಪಿನ ತಪ್ಪು ಲೆಕ್ಕಕ್ಕೆ ತಲೆಯಾಡಿಸಿದರು.

ಮುಪ್ಪಿನ ಪದಗಳನ್ನು ಓದಿದವರು ನಿಧಾನವಾಗಿ ನಡೆದರೆಂಬ ಬಾರ್ಗ್ ತಂಡದ 1996ರ ವರದಿ ಎಲ್ಲಕ್ಕಿಂತ ಪ್ರಸಿದ್ಧ, ಎಲ್ಲಕ್ಕಿಂತ ವಿವಾದಿತ ಕೂಡ. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ನಡಿಗೆಯನ್ನು ಯಂತ್ರದಿಂದ ಅಳೆದಾಗ ಆ ಫಲಿತಾಂಶ ಮರುಕಳಿಸಲಿಲ್ಲ. ಪ್ರಯೋಗ ನಡೆಸುವವರೇ ನಿಧಾನದ ನಡಿಗೆಯನ್ನು ನಿರೀಕ್ಷಿಸಿದ್ದಾಗ ಮಾತ್ರ ಅದು ಕಾಣಿಸಿಕೊಂಡಿತು. ಅದೇ ವರ್ಷ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಬಹಿರಂಗ ಪತ್ರ ಬರೆದು, ಪ್ರಯೋಗಗಳನ್ನು ಪರಸ್ಪರ ಮರುಪರೀಕ್ಷಿಸುವಂತೆ ಈ ಕ್ಷೇತ್ರದವರನ್ನು ಒತ್ತಾಯಿಸಿದರು.