ಹೊಸ್ತಿಲ ಮೇಲೆ ನಿಂತ ತೋಟರಾಮುಡು

‘ಪಾತಾಳ ಭೈರವಿ’ ತೆರೆಗೆ ಬಂದಿದ್ದು 1951ರಲ್ಲಿ. ಆಗ ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಯೊಳಗಿತ್ತು, ಬಳ್ಳಾರಿ ಮದರಾಸಿನ ಕೈಕೆಳಗಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದವಾನಿ, ಆಲೂರು ಆಂಧ್ರಕ್ಕೆ ಬಂದವು. ಚಿತ್ರ ಮಾಡಿದ ಕೆ.ವಿ. ರೆಡ್ಡಿಯವರು ತಾಡಪತ್ರಿಯವರು, ಅಂದರೆ ನಮ್ಮ ನೆರೆಯವರೇ. ಕತೆಗೆ ಮೂಲ ತೆಲುಗಿನ ‘ಕಾಶೀ ಮಜಿಲೀ ಕಥಲು’, ಕಾಶಿಗೆ ನಡೆದು ಹೋಗೋರು ತಂಗಿದ ಕಡೆ ಹೇಳಿಕೊಂಡ ಕತೆಗಳು. ಅದಕ್ಕೆ ಅಲ್ಲಾವುದ್ದೀನನ ದೀಪದ ಕತೆಯೂ ಸ್ವಲ್ಪ ಸೇರೈತೆ.

ನಮ್ಮ ವಾಚನಾಲಯಕ್ಕೆ ಬರುವ ಮೇಷ್ಟ್ರೊಬ್ಬರು ಒಂದು ದಿನ ನನಗೆ ಒಂದು ಮಾತು ಹೇಳಿದರು. ವಾನ್ ಗೆನೆಪ್ ಎಂಬೋರು 1909ರಲ್ಲಿ ಫ್ರೆಂಚಿನಲ್ಲಿ ಒಂದು ಪುಸ್ತಕ ಬರೆದರಂತೆ. ಹುಟ್ಟು, ಮೈನೆರೆಯೋದು, ಮದುವೆ, ಸಾವು, ಯಾವ ಶಾಸ್ತ್ರ ನೋಡಿದರೂ ಅದರಲ್ಲಿ ಮೂರು ಮೆಟ್ಟಿಲು: ಇದ್ದ ಕಡೆಯಿಂದ ಬಿಡಿಸೋದು, ನಡುವೆ ನಿಲ್ಲಿಸೋದು, ಹೊಸ ಕಡೆ ಸೇರಿಸಿಕೊಳ್ಳೋದು. ಆಮೇಲೆ ವಿಕ್ಟರ್ ಟರ್ನರ್ ಎಂಬೋರು ಆಫ್ರಿಕಾದಲ್ಲಿ, ಈಗಿನ ಜಾಂಬಿಯಾ ದೇಶದ ಎಂಡೆಂಬು ಜನರ ಜೊತೆ ಇದ್ದು, ಆ ನಡುವಿನ ಮೆಟ್ಟಿಲೇ ಗಟ್ಟಿ ಅಂದರು. ಆ ಮೆಟ್ಟಿಲಿನ ಹೆಸರು ಲ್ಯಾಟಿನ್ನಿನ ಹೊಸ್ತಿಲು ಎಂಬ ಮಾತಿನಿಂದ ಬಂದದ್ದು. ಹೊಸ್ತಿಲ ಮೇಲೆ ನಿಂತವನಿಗೆ ಹಳೇ ಹೆಸರಿಲ್ಲ, ಹೊಸ ಹೆಸರಿನ್ನೂ ಬಂದಿಲ್ಲ.

ಕೇಳ್ತಾ ಇದ್ದಂಗೆ ನನಗೆ ತೋಟರಾಮುಡು ಕಣ್ಣಮುಂದೆ ಬಂದ. ಮಾಲಿಯ ಮಗ, ಉಜ್ಜಯಿನಿಯ ರಾಜಕುಮಾರಿಯನ್ನ ಬಯಸಿದವ. ಐಶ್ವರ್ಯ ತಂದರೆ ಮಗಳು ನಿನಗೆ ಅಂತಾನೆ ರಾಜ. ಹುಡುಗ ತಾಯಿಯನ್ನ ಬಿಟ್ಟು ನೇಪಾಳದ ಮಾಂತ್ರಿಕನ ಹಿಂದೆ ಗುಹೆಗೆ ಹೋಗ್ತಾನೆ. ದೇವಿ ಮುಂದೆ ಬಲಿ ಕೊಡೋ ಮುಂಚೆ ಮಾಂತ್ರಿಕ ಅವನನ್ನ ಕೊಳಕ್ಕೆ ಸ್ನಾನಕ್ಕೆ ಕಳಿಸ್ತಾನೆ. ಅಲ್ಲಿ ಮೊಸಳೆ ಹಿಡಿಯುತ್ತೆ. ಅದನ್ನ ಕೊಂದರೆ ಶಾಪ ಕಳೆದ ಅಪ್ಸರೆ ಎದ್ದು ಗುಟ್ಟು ಹೇಳ್ತಾಳೆ. ವಾಪಸು ಬಂದವನು ಮಾಂತ್ರಿಕನನ್ನೇ ಬಲಿ ಕೊಡ್ತಾನೆ. ನೋಡ್ರಿ, ಬಲಿ ಕುರಿಗೂ ಮೈ ತೊಳೀತೀವಿ, ಮದುಮಗನಿಗೂ ನೀರು ಹಾಕ್ತೀವಿ. ನೀರಿಗೆ ಇಳಿಯುವಾಗ ಅವನು ಬಲಿ, ಮೇಲೆ ಬರುವಾಗ ಮದುಮಗ.

ಈ ಚಿತ್ರವನ್ನ ನಾನು ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ, ನೆಲದ ಟಿಕೆಟ್ಟಿನಲ್ಲಿ, ಅಪ್ಪ ಸತ್ತ ಆರನೇ ದಿನ. ಸೂತಕದೊಳಗೆ ಹೊರಗೆ ಹೋಗಬಾರದು ಅಂತ ಅವ್ವ ಹೇಳಿದ್ದಳು, ಕದ್ದು ಹೋದೆ. ಏಳನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಆ ಹನ್ನೊಂದು ದಿನ ಯಾರೂ ನನ್ನ ಮುಟ್ಟಲಿಲ್ಲ, ಆಟಕ್ಕೆ ಕರೀಲಿಲ್ಲ, ದೊಡ್ಡವರ ಮಾತಿಗೂ ಸೇರಿಸಲಿಲ್ಲ. ಎಸ್.ವಿ. ರಂಗಾರಾಯರು ಕಣ್ಣು ತಿರುವಿದರೆ ಟೆಂಟೆಲ್ಲ ಕೂಗ್ತಿತ್ತು. ನಾನು ಮಾತ್ರ ಕೊಳದ ನೀರನ್ನೇ ನೋಡ್ತಿದ್ದೆ.

ಹನ್ನೊಂದನೇ ದಿನ ತಲೆ ಬೋಳಿಸಿದರು, ತಣ್ಣೀರು ಹೊಯ್ದರು, ಸೋದರಮಾವ ರುಮಾಲು ಸುತ್ತಿದ. ಇನ್ನು ಮನೆಗೆ ಯಜಮಾನ ನೀನೇ ಕಣಪ್ಪ ಅಂದ. ಚಿಕ್ಕಪ್ಪ ಎತ್ತಿನ ಹಗ್ಗ ಕೈಗೆ ಕೊಟ್ಟ. ನನ್ನ ಓದು ಅಲ್ಲಿಗೇ ಮುಗೀತು. ಮೂರನೇ ಮೆಟ್ಟಿಲು ಹತ್ತಿದೆ ಅಂತ ಊರು ತಿಳೀತು. ನನಗೆ ತಲೆ ಮೇಲೆ ಭಾರ ಅಷ್ಟೇ ತಿಳಿದಿದ್ದು.

ಪುಸ್ತಕದ ಮೂರು ಮೆಟ್ಟಿಲಿಗಿಂತ ಸಿನಿಮಾ ಇಲ್ಲಿ ಹೆಚ್ಚು ಹೇಳ್ತೈತೆ ಅಂತ ನನ್ನ ಲೆಕ್ಕ. ರಾಮುಡು ದೇವಿಯ ಗೊಂಬೆಯಿಂದ ಅರಮನೆ ಮಾಡಿಕೊಂಡು ಬರ್ತಾನೆ, ಆದರೂ ದಕ್ಕಲ್ಲ. ಸತ್ತ ಮಾಂತ್ರಿಕ ಎದ್ದು ಬಂದು ಗೊಂಬೆ, ಅರಮನೆ, ಹುಡುಗಿ ಎಲ್ಲ ಒಯ್ತಾನೆ. ಬೇಡಿದ್ದು ಕೈಗೆ ಬಂದ ಮಾತ್ರಕ್ಕೆ ದಾಟಿದಂಗಲ್ಲ. ಮತ್ತೆ ಬರಿಗೈಯಲ್ಲಿ ಹೋಗಬೇಕು. ಕೊನೆಗೆ ಗಡ್ಡ ತೆಗೆದರೆ ಚೆಂದ ಕಾಣ್ತೀಯ ಅಂತ ನಂಬಿಸಿ ಮಾಂತ್ರಿಕನ ಗಡ್ಡ ಬೋಳಿಸ್ತಾರೆ, ಅವನ ಶಕ್ತಿ ಹೋಗುತ್ತೆ. ಬೋಳಿಸೋದರಿಂದ ಒಬ್ಬನಿಗೆ ಬಂದದ್ದು ಇನ್ನೊಬ್ಬನಿಂದ ಹೋಗುತ್ತೆ. ನನ್ನ ತಲೆ ಬೋಳಿಸಿದ ದಿನ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಉಳುವಾಗ ಎಷ್ಟೋ ಸಲ ಎಣಿಸೀನಿ.

ಈಗ ಸಾವಿನ ಮನೆಗೆ ಭಜನೆಗೆ ಕರೀತಾರೆ. ರುಮಾಲು ಸುತ್ತಿಸಿಕೊಳ್ಳುವ ಹುಡುಗ ಚಿಕ್ಕವನಾದರೆ, ತಾಳ ಹಿಡಿಯೋ ಮುಂಚೆ ಅವನು ಎಷ್ಟನೇ ಕ್ಲಾಸು ಅಂತ ಕೇಳ್ತೀನಿ. ಹೋದ ವರ್ಷ ಒಬ್ಬ ಸೋದರಮಾವನಿಗೆ ಕೋಪ ಬಂತು, ಪದ ಹೇಳೋಕೆ ಬಂದಿದ್ದೀಯ, ಹೇಳು ಅಂದ. ಬೆಳಗಿನವರೆಗೂ ಹೇಳಿದೆ. ನಾಲ್ಕು ದಿನ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಪಕ್ಕದಲ್ಲಿ ಆ ಬೋಳುತಲೆ ಹುಡುಗ, ಹೆಗಲಿಗೆ ಪುಸ್ತಕದ ಚೀಲ.