ನಿಕ್ಸನ್, ರಿಚರ್ಡ್ ಮಿಲ್‌ಹೌಸ್

1913-94. ಅಮೆರಿಕ ಸಂಯುಕ್ತ ಸಂಸ್ಥಾನದ 37ನೆಯ ಅಧ್ಯಕ್ಷ. ಆ ಪದವಿಗೆ ರಾಜೀನಾಮೆ ಕೊಟ್ಟ ಏಕೈಕ ವ್ಯಕ್ತಿ. ಆಡಳಿತಾವಧಿ 1969ರ ಜನವರಿ 20ರಿಂದ 1974ರ ಆಗಸ್ಟ್ 9ರವರೆಗೆ. ವಿಯೆಟ್ನಾಂ ಯುದ್ಧದ ಸಂಧಾನ, ಡಾಲರಿನ ಕುಸಿತ ಹಾಗೂ ಬೆಲೆಯೇರಿಕೆ, ವಾಟರ್‌ಗೇಟ್ ಹಗರಣ ಈ ಅವಧಿಯ ಮೂರು ದೊಡ್ಡ ಸಂಕಟಗಳು. ಇವನ್ನು ಬೇರೆಬೇರೆ ಅಧ್ಯಾಯಗಳಾಗಿ ಓದುವುದು ವಾಡಿಕೆಯಾದರೂ ಮೂರರ ಬೇರುಗಳು ಹೆಣೆದುಕೊಂಡಿದ್ದವು. ಯುದ್ಧವನ್ನು ಗುಟ್ಟಾಗಿ ನಡೆಸಿದ ಅಭ್ಯಾಸವೇ ಹಗರಣಕ್ಕೆ ದಾರಿಯಾಯಿತು. ಹಗರಣದ ದೆಸೆಯಿಂದ ಶಾಂತಿ ಒಪ್ಪಂದಕ್ಕೆ ಬೆನ್ನಾಸರೆ ತಪ್ಪಿತು.

ನಿಕ್ಸನ್ ಹುಟ್ಟಿದ್ದು ಕ್ಯಾಲಿಫೋರ್ನಿಯದ ಯೋರ್ಬಾ ಲಿಂಡಾದಲ್ಲಿ. ವಕೀಲಿ ಓದಿ, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಕೆಲಸ ಮಾಡಿ, 1946ರಲ್ಲಿ ಪ್ರತಿನಿಧಿ ಸಭೆಗೂ 1950ರಲ್ಲಿ ಸೆನೆಟಿಗೂ ಆಯ್ಕೆಯಾದ. 1953-61ರಲ್ಲಿ ಐಸೆನ್‌ಹೋವರನ ಉಪಾಧ್ಯಕ್ಷನಾಗಿದ್ದ. 1960ರಲ್ಲಿ ಕೆನಡಿಯೆದುರು ಅಧ್ಯಕ್ಷ ಚುನಾವಣೆಯಲ್ಲಿ ಕೂದಲೆಳೆಯ ಅಂತರದಿಂದ ಸೋತ. ಎರಡು ವರ್ಷ ಕಳೆದು ತವರು ರಾಜ್ಯದ ಗವರ್ನರ್ ಚುನಾವಣೆಯಲ್ಲೂ ಸೋತ. ವಿಯೆಟ್ನಾಂ ಯುದ್ಧದಿಂದ ದೇಶ ಒಡೆದು ನಿಂತಿದ್ದ 1968ರಲ್ಲಿ, ಗೌರವದಿಂದ ಯುದ್ಧ ಮುಗಿಸುವ ಭರವಸೆ ಕೊಟ್ಟು ಗೆದ್ದ.

ಅಧಿಕಾರ ವಹಿಸಿಕೊಂಡಾಗ ವಿಯೆಟ್ನಾಮಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಅವರನ್ನು ಹಂತಹಂತವಾಗಿ ಮನೆಗೆ ಕರೆಸಿ ಹೋರಾಟದ ಹೊಣೆಯನ್ನು ದಕ್ಷಿಣ ವಿಯೆಟ್ನಾಮಿನ ಸೇನೆಗೆ ವಹಿಸುವುದು ಬಹಿರಂಗ ನೀತಿ. ಮರೆಯಲ್ಲಿ ನಡೆದದ್ದೇ ಬೇರೆ. 1969ರ ಮಾರ್ಚ್‌ನಲ್ಲಿ ತಟಸ್ಥ ಕಾಂಬೋಡಿಯದ ಮೇಲೆ ಬಿ-52 ವಿಮಾನಗಳ ಬಾಂಬ್ ದಾಳಿ ಆರಂಭವಾಯಿತು. ಅದು ಅಮೆರಿಕದ ಜನಕ್ಕೂ ಹೆಚ್ಚಿನ ಶಾಸಕರಿಗೂ ತಿಳಿಯದಂತೆ ಸೇನೆಯ ದಾಖಲೆಗಳನ್ನೇ ತಿದ್ದಲಾಯಿತು. ಸುದ್ದಿ ಪತ್ರಿಕೆಗೆ ಸೋರಿದಾಗ ಅಧಿಕಾರಿಗಳ, ಪತ್ರಕರ್ತರ ದೂರವಾಣಿಗಳಿಗೆ ಕದ್ದಾಲಿಕೆ ಬಂತು. 1970ರ ಏಪ್ರಿಲ್ ಕೊನೆಯಲ್ಲಿ ಭೂಸೇನೆಯೂ ಕಾಂಬೋಡಿಯಕ್ಕೆ ನುಗ್ಗಿತು; ಅದರ ವಿರುದ್ಧದ ಪ್ರತಿಭಟನೆಯ ವೇಳೆ ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 1971ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಯುದ್ಧದ ರಹಸ್ಯ ಇತಿಹಾಸವಾದ ಪೆಂಟಗನ್ ದಾಖಲೆಗಳನ್ನು ಅಚ್ಚು ಹಾಕಿದ ಮೇಲೆ, ಸೋರಿಕೆ ತಡೆಯಲೆಂದೇ ಶ್ವೇತಭವನದಲ್ಲಿ ಒಂದು ತಂಡ ಸಿದ್ಧವಾಯಿತು. ನೀರಿನ ಸೋರಿಕೆ ಸರಿಪಡಿಸುವ ಕೊಳಾಯಿಯವರ ಹೆಸರೇ ಅದಕ್ಕೆ ಬಿತ್ತು. ದಾಖಲೆ ಹೊರಗೆಡವಿದ ಡೇನಿಯಲ್ ಎಲ್ಸ್‌ಬರ್ಗನ ಮನೋವೈದ್ಯರ ಕಚೇರಿಗೆ ಈ ತಂಡ ಕನ್ನ ಹಾಕಿತು. ಮುಂದೆ ವಾಟರ್‌ಗೇಟಿನಲ್ಲಿ ಕನ್ನವನ್ನು ಯೋಜಿಸಿದವರು ಇದೇ ತಂಡದವರು.

ಯುದ್ಧದ ವೆಚ್ಚ ಡಾಲರನ್ನೂ ತಿಂದಿತ್ತು. 1944ರ ಬ್ರೆಟನ್ ವುಡ್ಸ್ ವ್ಯವಸ್ಥೆಯ ಪ್ರಕಾರ ವಿದೇಶಿ ಸರ್ಕಾರಗಳು 35 ಡಾಲರಿಗೆ ಒಂದು ಔನ್ಸಿನಂತೆ ಅಮೆರಿಕದಿಂದ ಚಿನ್ನ ಪಡೆಯಬಹುದಿತ್ತು. ಹೊರಗೆ ಹರಿದ ಡಾಲರುಗಳಿಗೆ ಸಾಲುವಷ್ಟು ಚಿನ್ನ ಖಜಾನೆಯಲ್ಲಿ ಉಳಿದಿರಲಿಲ್ಲ. ಕ್ಯಾಂಪ್ ಡೇವಿಡ್‌ನಲ್ಲಿ ಆಪ್ತ ಸಲಹೆಗಾರರೊಡನೆ ಕುಳಿತು ಚರ್ಚಿಸಿದ ನಿಕ್ಸನ್, 1971ರ ಆಗಸ್ಟ್ 15ರ ಭಾನುವಾರ ಸಂಜೆ ದೂರದರ್ಶನದಲ್ಲಿ ಮೂರು ನಿರ್ಧಾರ ಪ್ರಕಟಿಸಿದ: ಡಾಲರಿಗೆ ಚಿನ್ನ ಕೊಡುವುದು ನಿಲ್ಲುತ್ತದೆ, ಬೆಲೆ ಮತ್ತು ಕೂಲಿ 90 ದಿನ ಇದ್ದಲ್ಲೇ ಇರಬೇಕು, ಆಮದಿನ ಮೇಲೆ ಶೇ 10 ಹೆಚ್ಚುವರಿ ಸುಂಕ ಬೀಳುತ್ತದೆ. ಮಿತ್ರರಾಷ್ಟ್ರಗಳನ್ನು ಮೊದಲೇ ಕೇಳಿರಲಿಲ್ಲ. ಸ್ವದೇಶದಲ್ಲಿ ಮಾತ್ರ ಘೋಷಣೆಗೆ ಭಾರಿ ಮೆಚ್ಚುಗೆ ಸಿಕ್ಕಿತು. ಚುನಾವಣೆ ಹತ್ತಿರವಾದಂತೆ ಹಣ ಸಡಿಲವಾಗಿ ಹರಿಯಲೆಂದು ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಆರ್ಥರ್ ಬರ್ನ್ಸ್ ಮೇಲೆ ನಿಕ್ಸನ್ ಒತ್ತಡ ಹೇರಿದ್ದು ಧ್ವನಿಮುದ್ರಿಕೆಗಳಲ್ಲಿ ದಾಖಲಾಗಿದೆ. 1972 ಸಮೃದ್ಧಿಯ ವರ್ಷದಂತೆ ಕಂಡಿತು. ಅದುಮಿಟ್ಟ ಬೆಲೆಗಳು 1973ರಲ್ಲಿ ಚಿಮ್ಮಿದವು. ಏಪ್ರಿಲ್‌ನಲ್ಲಿ ಗೃಹಿಣಿಯರು ದೇಶದುದ್ದಕ್ಕೂ ಮಾಂಸ ಬಹಿಷ್ಕಾರ ನಡೆಸಿದರು. ಜೂನ್‌ನಲ್ಲಿ ಮತ್ತೆ 60 ದಿನ ಬೆಲೆ ಏರದಂತೆ ತಡೆದಾಗ ಕೋಳಿಗಳ ಮಾರಾಟದರ ಅಲ್ಲೇ ನಿಂತಿತು, ಮೇವಿನ ದರ ನಿಲ್ಲಲಿಲ್ಲ. ಸಾಕಿದರೆ ನಷ್ಟವೆಂದು ಟೆಕ್ಸಸ್‌ನ ಸಾಕಣೆದಾರರು ಮರಿಗಳನ್ನು ಪೀಪಾಯಿಯ ನೀರಿಗೆ ಸುರಿದು ಮುಳುಗಿಸಿದ ದೃಶ್ಯ ದೂರದರ್ಶನದಲ್ಲಿ ಬಂತು. ಬೆಲೆ ನಿಯಂತ್ರಣದ ಸೋಲನ್ನು ವಿವರಿಸಲು ಅದಕ್ಕಿಂತ ಹೆಚ್ಚಿನ ಅಂಕಿಅಂಶ ಬೇಕಿರಲಿಲ್ಲ.

ಇತ್ತ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಪ್ಯಾರಿಸ್ಸಿನ ಹೊರವಲಯದ ಮನೆಗಳಲ್ಲಿ ಉತ್ತರ ವಿಯೆಟ್ನಾಮಿನ ಲೆ ಡಕ್ ಥೋ ಜೊತೆ 1970ರಿಂದ ಗುಟ್ಟಾಗಿ ಮಾತಾಡುತ್ತಿದ್ದ. 1972ರ ಫೆಬ್ರವರಿಯಲ್ಲಿ ಬೀಜಿಂಗ್‌ಗೂ ಮೇ ತಿಂಗಳಲ್ಲಿ ಮಾಸ್ಕೋಗೂ ನಿಕ್ಸನ್ ಭೇಟಿಕೊಟ್ಟದ್ದು ಚರಿತ್ರಾರ್ಹ. ಹನೋಯ್‌ನ ಇಬ್ಬರು ಆಸರೆದಾರರನ್ನು ಒಲಿಸಿಕೊಳ್ಳುವ ಉದ್ದೇಶವೂ ಅದರಲ್ಲಿತ್ತು. ಅಕ್ಟೋಬರ್‌ನಲ್ಲಿ ಶಾಂತಿ ಒಪ್ಪಂದದ ಕರಡು ಸಿದ್ಧವಾಯಿತು. ಉತ್ತರದ ಸೇನೆ ದಕ್ಷಿಣದ ನೆಲದಲ್ಲೇ ಉಳಿಯಲು ಅದು ಬಿಟ್ಟುಕೊಟ್ಟಿದ್ದರಿಂದ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಥಿಯು ಒಪ್ಪಲಿಲ್ಲ. ನವೆಂಬರ್ ಚುನಾವಣೆಯಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯಗಳನ್ನು ಗೆದ್ದ. ಮಾತುಕತೆ ಮುರಿದುಬಿದ್ದ ಮೇಲೆ ಡಿಸೆಂಬರ್ 18ರಿಂದ ಹನೋಯ್, ಹೈಫಾಂಗ್‌ಗಳ ಮೇಲೆ ಬಿ-52ಗಳ ಘೋರ ದಾಳಿ ನಡೆಯಿತು. ಬಾಕ್ ಮಾಯ್ ಆಸ್ಪತ್ರೆಯೂ ಖಾಮ್ ಥಿಯೆನ್ ಬೀದಿಯ ಮನೆಗಳೂ ನೆಲಸಮವಾದವು. 1973ರ ಜನವರಿ 27ರಂದು ಸಹಿಬಿದ್ದ ಒಪ್ಪಂದ ಅಕ್ಟೋಬರಿನ ಕರಡಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. ನಿಕ್ಸನ್ ಅವಧಿಯಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 20,000ಕ್ಕೂ ಮೇಲು. ವಿಯೆಟ್ನಾಮೀಯರ ಸಾವು ಅದರ ಎಷ್ಟೋ ಪಟ್ಟು. ಆ ನಾಲ್ಕು ವರ್ಷಗಳ ಬೆಲೆಯನ್ನು ತೂಗುವಾಗ ಈ ಲೆಕ್ಕವನ್ನು ಮರೆಯಲಾಗದು. ಒಪ್ಪಂದ ಮುರಿದರೆ ಅಮೆರಿಕ ಪೂರ್ಣ ಬಲದಿಂದ ಉತ್ತರಿಸುವುದೆಂದು ನಿಕ್ಸನ್ ಥಿಯುಗೆ ಖಾಸಗಿ ಪತ್ರಗಳಲ್ಲಿ ಮಾತು ಕೊಟ್ಟಿದ್ದ. ಆ ಮಾತು ಶಾಸನಸಭೆಗೆ ತಿಳಿದಿರಲಿಲ್ಲ.

ವಾಟರ್‌ಗೇಟ್ ಎಂಬುದು ವಾಷಿಂಗ್ಟನ್ನಿನ ಒಂದು ಕಟ್ಟಡ ಸಮುಚ್ಚಯ. ಡೆಮಾಕ್ರಟಿಕ್ ಪಕ್ಷದ ಕೇಂದ್ರ ಕಚೇರಿ ಅಲ್ಲಿತ್ತು. 1972ರ ಜೂನ್ 17ರ ನಡುರಾತ್ರಿ ಕಳೆದ ಮೇಲೆ, ಗಸ್ತಿನಲ್ಲಿದ್ದ 24 ವರ್ಷದ ಕಾವಲುಗಾರ ಫ್ರಾಂಕ್ ವಿಲ್ಸ್ ನೆಲಮಾಳಿಗೆಯ ಬಾಗಿಲಿನ ಚಿಲಕ ಬೀಳದಂತೆ ಟೇಪು ಅಂಟಿಸಿದ್ದನ್ನು ಕಂಡು ಕಿತ್ತುಹಾಕಿದ. ಮತ್ತೊಂದು ಸುತ್ತು ಬಂದಾಗ ಅಲ್ಲಿ ಹೊಸ ಟೇಪು ಇತ್ತು. ಪೊಲೀಸರಿಗೆ ಕರೆ ಹೋಯಿತು. ಕ್ಯಾಮೆರಾ, ಕದ್ದಾಲಿಕೆ ಉಪಕರಣ, ನೂರು ಡಾಲರಿನ ನೋಟುಗಳೊಂದಿಗೆ ಐವರು ಸಿಕ್ಕಿಬಿದ್ದರು. ಅವರಲ್ಲೊಬ್ಬ ನಿಕ್ಸನ್ನನ ಮರುಆಯ್ಕೆ ಸಮಿತಿಯ ಭದ್ರತಾಧಿಕಾರಿ. ಕನ್ನ ಹಾಕಲು ನಿಕ್ಸನ್ನೇ ಹೇಳಿದ್ದನೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆದರೆ ಜೂನ್ 23ರಂದೇ ಆತ, ಗುಪ್ತಚರ ಸಂಸ್ಥೆ ಸಿಐಎ ಮೂಲಕ ಎಫ್‌ಬಿಐ ತನಿಖೆಯನ್ನು ತಡೆಯುವ ಯೋಜನೆಗೆ ಒಪ್ಪಿದ. ಬಂಧಿತರ ಬಾಯಿ ಮುಚ್ಚಿಸಲು ಹಣವೂ ಸಂದಾಯವಾಯಿತು. ವಾಷಿಂಗ್ಟನ್ ಪೋಸ್ಟ್‌ನ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಬೆನ್ನುಹತ್ತಿದರು. ನ್ಯಾಯಾಧೀಶ ಸಿರಿಕಾ, ಸ್ಯಾಮ್ ಅರ್ವಿನ್ ನೇತೃತ್ವದ ಸೆನೆಟ್ ಸಮಿತಿ ಎಳೆ ಬಿಡಿಸಿದರು. 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅಧಿಕಾರಿ, ಅಧ್ಯಕ್ಷರ ಕೋಣೆಯ ಮಾತೆಲ್ಲ ತಾನಾಗಿ ಧ್ವನಿಮುದ್ರಣವಾಗುತ್ತದೆಂದು ಸಮಿತಿಯ ಮುಂದೆ ಹೇಳಿದ. ಅಲ್ಲಿಂದ ಜಗಳವೆಲ್ಲ ಆ ಟೇಪುಗಳಿಗಾಗಿ.

1973ರ ಅಕ್ಟೋಬರ್‌ನಲ್ಲಿ ಹಲವು ಸಂಕಟಗಳು ಒಮ್ಮೆಲೇ ಮೇಲೆರಗಿದವು. 6ರಂದು ಈಜಿಪ್ಟ್, ಸಿರಿಯಗಳು ಇಸ್ರೇಲಿನ ಮೇಲೆ ಯುದ್ಧ ಆರಂಭಿಸಿದವು. 10ರಂದು ತೆರಿಗೆ ವಂಚನೆಯ ಪ್ರಕರಣದಲ್ಲಿ ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ ಕೊಟ್ಟ. 19ರಂದು ಇಸ್ರೇಲಿಗೆ 220 ಕೋಟಿ ಡಾಲರ್ ನೆರವು ಕೊಡಲು ನಿಕ್ಸನ್ ಶಾಸನಸಭೆಯನ್ನು ಕೋರಿದ. ಮರುದಿನವೇ ಸೌದಿ ಅರೇಬಿಯ ಅಮೆರಿಕಕ್ಕೆ ತೈಲ ನಿಲ್ಲಿಸಿತು. ಆ ಶನಿವಾರ ಕಿಸಿಂಜರ್ ಕದನವಿರಾಮ ಕುದುರಿಸಲು ಮಾಸ್ಕೋದಲ್ಲಿದ್ದ. ಅದೇ ಸಂಜೆ, ಟೇಪುಗಳನ್ನು ಒಪ್ಪಿಸಲು ಒತ್ತಾಯಿಸಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್‌ನನ್ನು ವಜಾ ಮಾಡಲು ನಿಕ್ಸನ್ ಆಜ್ಞೆ ಹೊರಡಿಸಿದ. ಅಟಾರ್ನಿ ಜನರಲ್ ರಿಚರ್ಡ್‌ಸನ್ ಒಪ್ಪದೆ ಹುದ್ದೆ ಬಿಟ್ಟ. ಅವನ ಕೆಳಗಿನ ರಕಲ್‌ಸ್‌ಹೌಸ್ ಕೂಡ ಒಪ್ಪಲಿಲ್ಲ. ಮೂರನೆಯವನಾದ ಬೋರ್ಕ್ ಆಜ್ಞೆ ಪಾಲಿಸಿದ. 24ರ ರಾತ್ರಿ ಸೋವಿಯತ್ ಮಧ್ಯಪ್ರವೇಶದ ಭಯದಿಂದ ಅಮೆರಿಕದ ಪಡೆಗಳನ್ನು ಎಚ್ಚರದ ಸ್ಥಿತಿಗೆ ತಂದಾಗ, ನಿರ್ಧಾರ ಕೈಗೊಂಡ ಸಭೆಯಲ್ಲಿ ಅಧ್ಯಕ್ಷನಿರಲಿಲ್ಲ. ಇದು ಹಗರಣ ಮರೆಸುವ ತಂತ್ರವೇ ಎಂದು ಪತ್ರಕರ್ತರು ಮರುದಿನ ಕಿಸಿಂಜರ್‌ನನ್ನು ನೇರವಾಗಿ ಕೇಳಿದರು. ಯುದ್ಧದ ಎಚ್ಚರಿಕೆಯನ್ನೂ ನಂಬಲಾಗದ ಸ್ಥಿತಿಗೆ ಆಡಳಿತ ಇಳಿದಿತ್ತು.

ಚಳಿಗಾಲದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಹೆದ್ದಾರಿಯ ವೇಗಮಿತಿ ಗಂಟೆಗೆ 55 ಮೈಲಿಗೆ ಇಳಿಯಿತು. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಪೀಪಾಯಿ ತೈಲ 1974ರ ಆರಂಭಕ್ಕೆ ಹನ್ನೆರಡರ ಹತ್ತಿರ ಹೋಯಿತು. ಆ ವರ್ಷ ಅಮೆರಿಕದ ಹಣದುಬ್ಬರ ಶೇ 11ಕ್ಕೆ ಮುಟ್ಟಿತು. ತೈಲ ಆಮದನ್ನೇ ನೆಚ್ಚಿದ್ದ ಭಾರತಕ್ಕೂ ಈ ಏರಿಕೆ ಬಲವಾಗಿ ತಟ್ಟಿತು.

ಅಷ್ಟರಲ್ಲಿ ಶಾಸನಸಭೆ ಅಧ್ಯಕ್ಷನ ಕೈ ಕಟ್ಟಿತ್ತು. 1973ರ ಆಗಸ್ಟ್ 15ರಿಂದ ಇಂಡೋಚೀನದಲ್ಲಿ ಕದನಕ್ಕೆ ಹಣ ನಿಂತಿತು. ನವೆಂಬರ್‌ನಲ್ಲಿ ನಿಕ್ಸನ್ನನ ತಡೆಯನ್ನು ಮೀರಿ ಯುದ್ಧಾಧಿಕಾರ ಶಾಸನ ಅಂಗೀಕಾರವಾಯಿತು. ಥಿಯುಗೆ ಕೊಟ್ಟ ಗುಟ್ಟಿನ ವಾಗ್ದಾನ ಕಾಗದದಲ್ಲೇ ಉಳಿಯಿತು. ಹಗರಣವಿಲ್ಲದಿದ್ದರೆ ದಕ್ಷಿಣ ವಿಯೆಟ್ನಾಂ ಉಳಿಯುತ್ತಿತ್ತೆಂದು ಕಿಸಿಂಜರ್ ಆಮೇಲೆ ವಾದಿಸಿದ. ಆದರೆ ಯುದ್ಧದಿಂದ ಬೇಸತ್ತಿದ್ದ ಜನ ಮತ್ತೊಮ್ಮೆ ಬಾಂಬ್ ದಾಳಿಗೆ ಒಪ್ಪುತ್ತಿದ್ದರೆಂದು ಹೇಳಲು ಆಧಾರ ಕಡಿಮೆ.

1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಟೇಪುಗಳನ್ನು ಒಪ್ಪಿಸುವಂತೆ 8-0 ಮತದಿಂದ ತೀರ್ಪಿತ್ತಿತು. ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ನ್ಯಾಯಕ್ಕೆ ಅಡ್ಡಿ, ಅಧಿಕಾರದ ದುರ್ಬಳಕೆ, ಶಾಸನಸಭೆಯ ಆದೇಶಗಳ ಉಲ್ಲಂಘನೆ ಎಂಬ ಮೂರು ದೋಷಾರೋಪಗಳನ್ನು ಅಂಗೀಕರಿಸಿತು. ಕಾಂಬೋಡಿಯದ ಗುಪ್ತ ಬಾಂಬ್ ದಾಳಿಯ ಆರೋಪ ಮಾತ್ರ 26-12 ಮತದಿಂದ ಬಿದ್ದುಹೋಯಿತು. ಎಲ್ಲಕ್ಕೂ ಮೂಲವಾದ ಕೃತ್ಯವೇ ಹೀಗೆ ಆರೋಪಪಟ್ಟಿಯಿಂದ ಹೊರಗುಳಿಯಿತು. ತನಿಖೆ ತಡೆಯುವ ಮಾತಿದ್ದ 1972ರ ಜೂನ್ 23ರ ಟೇಪು ಆಗಸ್ಟ್ 5ರಂದು ಬಯಲಾದ ಮೇಲೆ ಸ್ವಪಕ್ಷದವರೂ ಕೈಬಿಟ್ಟರು. 8ರ ರಾತ್ರಿ ನಿಕ್ಸನ್ ರಾಜೀನಾಮೆ ಘೋಷಿಸಿದ; ಮರುದಿನ, ಆಗ್ನ್ಯೂ ಸ್ಥಾನಕ್ಕೆ ಬಂದಿದ್ದ ಉಪಾಧ್ಯಕ್ಷ ಜೆರಾಲ್ಡ್ ಫೋರ್ಡ್ ಅಧ್ಯಕ್ಷನಾಗಿ, ಸೆಪ್ಟೆಂಬರ್ 8ರಂದು ಪೂರ್ಣ ಕ್ಷಮಾದಾನ ಕೊಟ್ಟ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ವಶವಾಯಿತು.

ನಿಕ್ಸನ್ ಮುಂದೆ ಆತ್ಮಕಥೆಯನ್ನೂ ವಿದೇಶಾಂಗ ನೀತಿಯ ಕುರಿತ ಗ್ರಂಥಗಳನ್ನೂ ಬರೆದ. 1994ರ ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಸಮಾಧಿ ಯೋರ್ಬಾ ಲಿಂಡಾದಲ್ಲಿ, ತಂದೆ ಕಟ್ಟಿದ್ದ ಹುಟ್ಟೂರ ಮನೆಯ ಪಕ್ಕದಲ್ಲಿದೆ.